ಮಿಸ್ರಿಯಾಳ ನೋಂಬು

ಶಿರ್ವದ ಬಸ್ಸು ಬಂದು ನಿಂತಿತು, ಬೆನೆಡಿಕ್ಟಾ ಟೀಚರ್ ಹತ್ತಲಿಲ್ಲ. ದಿನವೂ ಅದೇ ಬಸ್ಸು, ಅದೇ ಕಂಡಕ್ಟರ್, ಬಾಗಿಲ ಪಕ್ಕದ ಅದೇ ಸೀಟು. ಅವಳು ಕೊಡೆ ಮಡಚುವ ಮೊದಲೇ ಅವನು ಟಿಕೆಟು ಹರಿದಿಟ್ಟಿರುತ್ತಿದ್ದ. ‘ಎಂತ ಟೀಚರ್, ಬರುವುದಿಲ್ವಾ? ಸೀಟುಂಟು,’ ಎಂದು ಮಳೆಯಲ್ಲೇ ತಲೆ ಹೊರಗೆ ಹಾಕಿ ಕೇಳಿದ. ‘ಇಲ್ಲ, ಸ್ವಲ್ಪ ಕೆಲಸ ಉಂಟು,’ ಎಂದಳು. ಹೇಳಿದ ಮೇಲೆ ತನಗೇ ನಗು ಬಂತು, ನಗು ಅಂದರೆ ತುಟಿ ಒಂದು ಬದಿಗೆ ಎಳೆದ ಹಾಗೆ ಅಷ್ಟೆ. ಜುಲೈ ತಿಂಗಳ ಮಳೆಯಲ್ಲಿ, ಮಟಮಟ ಮಧ್ಯಾಹ್ನ, ಕಾಪುವಿನ ಪೇಟೆಯಲ್ಲಿ, ನಲವತ್ತಮೂರು ದಾಟಿದ, ಮದುವೆಯಾಗದ ಒಬ್ಬ ನರ್ಸರಿ ಟೀಚರಿಗೆ ಎಂತ ಕೆಲಸ ಇರುತ್ತದೆ? ಬಸ್ಸು ಕೆಸರು ಹಾರಿಸಿಕೊಂಡು ಹೋಯಿತು. ಮನೆಯಲ್ಲಿ ತಮ್ಮನ ಹೆಂಡತಿ ಸೆಲೀನ್ ಊಟ ಮುಚ್ಚಿಟ್ಟು, ‘ಇವತ್ತೂ ತಡವಾ’ ಎಂದು ಗೋಡೆಗೆ ಹೇಳುವವಳಂತೆ ಹೇಳಿ ಮಲಗಿರುತ್ತಾಳೆ. ತಮ್ಮ ಲಿಯೋನೆಲ್ ಬಹರೇನಿನಿಂದ ಕಳಿಸಿದ ದುಡ್ಡಿನಲ್ಲಿ ಕಟ್ಟಿದ ಮನೆ. ಮುಂದಿನ ಕೋಣೆಗಳಿಗೆಲ್ಲ ಮೊಸಾಯಿಕ್, ಹಿಂದಿನ ಇವಳ ಕೋಣೆಗೆ ಮಾತ್ರ ಸಿಮೆಂಟು. ಅದರ ಬಗ್ಗೆ ಅವಳಿಗೆ ದೂರಿಲ್ಲ. ದೂರಬೇಕಾದರೂ ಮೈಯಲ್ಲಿ ಸ್ವಲ್ಪ ಶಕ್ತಿ ಬೇಕು.

ಪಂಕಜಾ ಹೇಳದೇ ಇದ್ದಿದ್ದರೆ ಈ ಹೊತ್ತಿಗೆ ಬಸ್ಸಿನಲ್ಲಿ ತೂಕಡಿಸುತ್ತಿರುತ್ತಿದ್ದಳು. ಆಯಾ ಪಂಕಜಾ ಕೆಟ್ಟವಳಲ್ಲ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ನೆಲದ ಮೇಲೆ ಅಂಟಿದ ಪಾಯಸ ಒರೆಸುತ್ತಾ, ಏನೋ ನೆನಪಾದವಳಂತೆ ಅಂದಳು: ‘ಟೀಚರ್, ಆ ಮಿಸ್ರಿಯಾಳಿಗೆ ಎಂತ, ಹುಷಾರಿಲ್ವಾ? ಹಿಂದೆ ನೀರಿನ ನಳ್ಳಿಯ ಹತ್ತಿರ ಗಂಟಲಿಗೆ ಬೆರಳು ಹಾಕಿಕೊಂಡು ಕಕ್ಕಲಿಕ್ಕೆ ನೋಡ್ತಾ ಇತ್ತು. ಬರಲಿಲ್ಲ. ಕಣ್ಣಲ್ಲಿ ನೀರು ಬಂತು ಅಷ್ಟೆ. ನಾನು ಬೆನ್ನು ಉಜ್ಜಿದೆ. ಎಂತಾಯ್ತು ಮಗಾ ಅಂತ ಕೇಳಿದರೆ, ನಂದು ನಿಜದ ನೋಂಬು ಅಂತ ಹೇಳಿತು. ಮತ್ತೆ ಯಾರಿಗೂ ಹೇಳಬೇಡಿ ಅಂತ ನನ್ನ ಸೆರಗು ಹಿಡಿಯಿತು.’ ಪಂಕಜಾ ಬಟ್ಟೆ ಹಿಂಡಿ, ಬಕೆಟ್ಟಿಗೆ ಅದ್ದಿ, ಮತ್ತೆ ಒರೆಸಲು ಬಗ್ಗಿದಳು. ಹೇಳಬೇಡಿ ಅಂದದ್ದನ್ನು ಹೇಳಿಯೇಬಿಟ್ಟಳಲ್ಲ ಎಂದು ಅವಳಿಗೆ ಅನಿಸಲೂ ಇಲ್ಲ. ಬೆನೆಡಿಕ್ಟಾಳ ಕೈಯಲ್ಲಿ ಬೆಳ್ಳಿ ಕಾಗದ ಸುತ್ತಿದ ರಟ್ಟಿನ ಚಂದ್ರ ಇತ್ತು, ಕಪಾಟಿನಲ್ಲಿಡಲು ಹೊರಟಿದ್ದಳು. ನಿಜದ ನೋಂಬು, ನಿಜದ ಉಪವಾಸ. ಹಾಗಾದರೆ ಬೆಳಿಗ್ಗೆ ಆ ಮಗು ಹೇಳಿದ್ದು ಆಟದ ಮಾತಲ್ಲ. ದೇವರೇ, ಅದು ಆಟದ ಮಾತಲ್ಲ.

ಬೆಳಿಗ್ಗೆ ಎಲ್ಲ ಮಕ್ಕಳೂ ಅದೇ ಮಾತು ಹೇಳುತ್ತಿದ್ದವು. ಹೇಳಿಕೊಟ್ಟವಳು ಅವಳೇ. ಹಬ್ಬದ ಆಟಕ್ಕೆಂದು ಬೆಂಚುಗಳನ್ನು ಗೋಡೆಗೆ ಸರಿಸಿ, ನಡುವೆ ಚಾಪೆ ಹಾಸಿ, ಅದನ್ನು ಮನೆ ಎಂದು ಮಾಡಿದ್ದಾಯಿತು. ಮಿಸ್ರಿಯಾ ಆ ಮನೆಯ ಉಮ್ಮ, ಅಂದರೆ ತಾಯಿ. ತಲೆಗೆ ಟೀಚರ್ ತಂದ ಹಸಿರು ದುಪಟ್ಟಾ. ಉಳಿದವರೆಲ್ಲ ಮನೆಯ ಮಕ್ಕಳು, ನೆಂಟರು. ‘ಈಗ ನಮಗೆಲ್ಲ ನೋಂಬು. ಹೊಟ್ಟೆ ಹಿಡಿದುಕೊಳ್ಳಿ. ಹೇಳಿ, ನನಗೆ ನೋಂಬು!’ ಎಂದರೆ ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ‘ನನಗೆ ನೋಂಬು’ ಎಂದು ಕಿರುಚಿತು. ಬ್ಯಾಪ್ಟಿಸ್ಟ್ ಹಸಿವಿನಿಂದ ಸತ್ತವನಂತೆ ಅಡ್ಡಬಿದ್ದು ಎಲ್ಲರನ್ನೂ ನಗಿಸಿದ. ಮಿಸ್ರಿಯಾ ಅವನಿಗೆ ಗಾಳಿ ಹಾಕಿದಳು, ಗಂಭೀರವಾಗಿ, ನಿಜದ ಹೆಂಗಸಿನಂತೆ. ಮಾಡಿನ ತೊಲೆಗೆ ಕಟ್ಟಿದ ಹಗ್ಗ ಎಳೆದಾಗ ಚಂದ್ರ ಮೇಲೇರಿತು. ಮಕ್ಕಳು ಚಪ್ಪಾಳೆ ತಟ್ಟಿದವು. ಪಂಕಜಾ ಸೇಮಿಗೆ ಪಾಯಸದ ಪಾತ್ರೆ ತಂದಿಟ್ಟಳು. ಅಷ್ಟು ಹೊತ್ತಿಗೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ರೋಸಲಿನ್ ಬಾಗಿಲಿಗೆ ಬಂದು ನಿಂತಿದ್ದರು, ಕೈಕಟ್ಟಿಕೊಂಡು, ಮುಖದಲ್ಲಿ ಮೆಚ್ಚುಗೆ. ಮೊದಲ ಚಮಚ ಮನೆಯ ಉಮ್ಮನಿಗೆ ಎಂದು ಬೆನೆಡಿಕ್ಟಾ ಬಟ್ಟಲು ಎತ್ತಿದಳು. ಮಿಸ್ರಿಯಾ ಮುಖ ಹಿಂದೆ ಸರಿಸಿ ಮೆಲ್ಲಗೆ, ‘ಟೀಚರ್, ನನಗೆ ನೋಂಬು,’ ಎಂದಳು. ‘ಆಯ್ತಲ್ಲ ಮಗಾ, ಮುಗಿಯಿತಲ್ಲ! ಚಂದ್ರ ಬಂದ, ನೋಡು ಅಲ್ಲಿ. ಬಾಯಿ ತೆಗಿ, ಬೇಗ. ಸಿಸ್ಟರ್ ನೋಡ್ತಾ ಇದ್ದಾರೆ.’

ಸಿಸ್ಟರ್ ನೋಡ್ತಾ ಇದ್ದಾರೆ. ಆ ಮಾತನ್ನು ಯಾಕೆ ಸೇರಿಸಬೇಕಿತ್ತು? ಮಗು ಮೇಲೆ ನೋಡಿತು, ತೊಲೆಯಲ್ಲಿ ತಿರುಗುತ್ತಿದ್ದ ಚಂದ್ರನ ಕಡೆಗೆ. ಆಮೇಲೆ ಟೀಚರ್ ಮುಖ ನೋಡಿತು. ಬಾಯಿ ತೆರೆಯಿತು. ನುಂಗಿತು. ಎರಡನೇ ಚಮಚವನ್ನೂ ನುಂಗಿತು. ಎಂಥ ಒಳ್ಳೆಯ ಹುಡುಗಿ ಎಂದು ಆಗ ಅನಿಸಿತ್ತು. ಈಗ ಬಸ್‌ಸ್ಟ್ಯಾಂಡಿನ ತಗಡಿನ ಮಾಡಿನ ಕೆಳಗೆ ನಿಂತು ಅದೇ ಮುಖವನ್ನು ಮತ್ತೆ ಮತ್ತೆ ನೋಡುತ್ತಿದ್ದಳು: ನುಂಗುವಾಗ ಮಗು ಕಣ್ಣು ಮುಚ್ಚಿತ್ತು. ರುಚಿಗೆ ಯಾರೂ ಹಾಗೆ ಕಣ್ಣು ಮುಚ್ಚುವುದಿಲ್ಲ. ಮಕ್ಕಳಿಗೆ ಕಹಿ ಔಷಧಿ ಕುಡಿಸಿ ಇಪ್ಪತ್ತು ವರ್ಷ ಅಭ್ಯಾಸ ಇರುವವಳಿಗೆ ಅಷ್ಟೂ ತಿಳಿಯಬಾರದೇ?

ಈ ಹಬ್ಬದ ಆಟ ಯಾರೂ ಹೇಳಿ ಮಾಡಿಸಿದ್ದಲ್ಲ, ಅದೇ ದೊಡ್ಡ ಸಂಕಟ. ಬೇಸಿಗೆಯಲ್ಲಿ ಉಡುಪಿಯಲ್ಲಿ ನರ್ಸರಿ ಟೀಚರುಗಳಿಗೆ ಒಂದು ವಾರ ತರಬೇತಿ ಇತ್ತು. ಅವಳ ಸುತ್ತ ಕುಳಿತವರೆಲ್ಲ ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗಿಯರು. ಮಣಿಪಾಲದಿಂದ ಬಂದಿದ್ದ ಒಬ್ಬಳು ಅವಳನ್ನು ‘ಆಂಟಿ’ ಎಂದು ಕರೆದು ನಾಲಿಗೆ ಕಚ್ಚಿಕೊಂಡಿದ್ದಳು. ಮಕ್ಕಳಿಗೆ ಆಟದ ಮೂಲಕ, ಮಾತುಕತೆಯ ಮೂಲಕ ಹಬ್ಬಗಳನ್ನು ಪರಿಚಯಿಸಬೇಕು ಎಂದು ಪಾಠ ಮಾಡುವವನು ಹೇಳಿದ: ಅಷ್ಟಮಿಗೆ ಮೊಸರು ಕುಡಿಕೆ, ಕ್ರಿಸ್ಮಸಿಗೆ ಗೋದಲಿ. ಇವಳು ಎದ್ದು ನಿಂತು, ‘ಸರ್, ನಮ್ಮ ಕ್ಲಾಸಿನಲ್ಲಿ ಒಂದೇ ಒಂದು ಬ್ಯಾರಿ ಮಗು ಉಂಟು, ಮುಸ್ಲಿಮರದ್ದು, ಅವಳ ಹಬ್ಬ?’ ಎಂದು ಕೇಳಿದಳು. ‘ಒಬ್ಬಳಿಗೋಸ್ಕರ ಎಂತಕ್ಕಮ್ಮ ಅಷ್ಟೆಲ್ಲ,’ ಎಂದು ಆತ ನಕ್ಕ. ಹುಡುಗಿಯರೂ ನಕ್ಕರು. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು ಕುಳಿತಳು. ಆ ನಗುವನ್ನು ಬಸ್ಸಿನಲ್ಲಿ ಶಿರ್ವದವರೆಗೆ ತಂದಳು, ಜೂನಿನಲ್ಲಿ ಶಾಲೆಗೂ ತಂದಳು. ಮಾಡಿಯೇ ತೋರಿಸುತ್ತೇನೆ ಎಂಬ ಹಟ. ಹಾಗಾದರೆ ಇದೆಲ್ಲ ಮಿಸ್ರಿಯಾಳಿಗಾಗಿ ಮಾಡಿದ್ದೋ, ಆ ಮನುಷ್ಯನ ನಗುವಿಗೆ ಉತ್ತರ ಕೊಡಲು ಮಾಡಿದ್ದೋ? ಯಾಕೋ ಉತ್ತರ ಹುಡುಕಲು ಮನಸ್ಸಾಗಲಿಲ್ಲ. ಹುಡುಕದೇ ಗೊತ್ತಿತ್ತು.

ಮಾತುಕತೆಯಾದರೂ ಎಷ್ಟು ಚೆನ್ನಾಗಿ ನಡೆದಿತ್ತು ಕಳೆದ ವಾರ. ‘ನೋಂಬು ಅಂದರೆ ಎಂತ ಮಿಸ್ರಿಯಾ, ಎಲ್ಲರಿಗೂ ಹೇಳು,’ ಎಂದಾಗ ಆರು ವರ್ಷದ ಆ ಹುಡುಗಿ ಎದ್ದು ನಿಂತು ಕೈ ಹಿಂದೆ ಕಟ್ಟಿಕೊಂಡಿದ್ದಳು. ‘ಬೆಳಿಗ್ಗೆ ಮಸೀದಿಯಲ್ಲಿ ಬಾಂಗ್ ಕೂಗಿದ ಮೇಲೆ ತಿನ್ನುವ ಹಾಗಿಲ್ಲ. ನೀರೂ ಕುಡಿಯುವ ಹಾಗಿಲ್ಲ. ಸಂಜೆ ಬಾಂಗ್ ಆಗುವವರೆಗೆ.’ ‘ಉಗುಳು ನುಂಗಬಹುದಾ?’ ಎಂದು ಶೇಖರ. ‘ನುಂಗಬಹುದು,’ ಎಂದಳು ಸ್ವಲ್ಪ ಯೋಚಿಸಿ. ಹೃಷೀಕೇಶ ಸುಮ್ಮನಿರುವವನೇ ಅಲ್ಲ: ‘ನಮ್ಮ ಅಜ್ಜಿ ಏಕಾದಶಿಗೆ ಉಪವಾಸ ಇರ್ತಾರೆ. ಆದರೆ ಅವಲಕ್ಕಿ ತಿನ್ತಾರೆ.’ ‘ಹಾಗೆ ಆಗುವುದಿಲ್ಲ.’ ‘ಹಸಿವಾದರೆ?’ ‘ಹಸಿವು ಆಗಲಿಕ್ಕೇ ಇರುವುದು,’ ಎಂದು ಮಿಸ್ರಿಯಾ ಹೇಳಿದಾಗ ಬೆನೆಡಿಕ್ಟಾಳಿಗೆ ಮೈ ಜುಂ ಅಂದಿತ್ತು. ‘ಒಂದು ತಿಂಗಳು ಹಾಗೆ ಇದ್ದರೆ ಚಂದ್ರ ಕಾಣುತ್ತದೆ. ಕಂಡರೆ ಪೆರ್ನಾಲ್. ಪೆರ್ನಾಲಿಗೆ ಎಲ್ಲರೂ ತಿನ್ನಬೇಕು, ಯಾರೂ ಹಸಿದಿರಬಾರದು.’ ಪೆರ್ನಾಲ್ ಎಂದರೆ ಅವರ ಹಬ್ಬ ಎಂದು ಇವಳು ಮಕ್ಕಳಿಗೆ ಬಿಡಿಸಿ ಹೇಳಿದ್ದಳು. ಆಟದ ನಿಯಮವನ್ನೆಲ್ಲ ಆ ಹುಡುಗಿಯಿಂದಲೇ ಕಲಿತು, ಅದನ್ನೇ ಹಗ್ಗ ಮಾಡಿ ಅವಳ ಕೈ ಕಟ್ಟಿದ್ದಾಯಿತು. ಹಬ್ಬ ನಾಳೆಯೋ ನಾಡಿದ್ದೋ, ಶಾಲೆಗೆ ನಾಳೆಯಿಂದ ರಜೆ, ಅದಕ್ಕೆ ಇವತ್ತೇ ಮಾಡಿ ಮುಗಿಸುವುದು ಎಂದು ನಿಶ್ಚಯಿಸಿದಾಗ ಒಂದು ಗಳಿಗೆಯೂ ಅನುಮಾನ ಬರಲಿಲ್ಲ. ಕ್ರಿಸ್ಮಸ್ಸನ್ನೂ ಶಾಲೆಯಲ್ಲಿ ಹಾಗೇ ಮಾಡುವುದಲ್ಲವೇ? ಯೇಸು ಹುಟ್ಟುವ ಮೊದಲೇ, ರಜೆ ಸಿಗುವ ದಿನ, ಕೇಕು ಹಂಚಿ ಮಕ್ಕಳನ್ನು ಮನೆಗೆ ಕಳಿಸುತ್ತಾರೆ. ಹಬ್ಬವನ್ನು ಮುಂಚಿತವಾಗಿ ಮಾಡಿದರೆ ಯಾರ ಉಪವಾಸವೂ ಮುರಿಯುವುದಿಲ್ಲ ಎಂದುಕೊಂಡ ಊರಿನಲ್ಲಿ ಬೆಳೆದವಳು ಅವಳು.

ಅಲ್ಲ, ಮುರಿಯುತ್ತಿತ್ತು. ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಕಾಲದಲ್ಲಿ ಚರ್ಚಿನಲ್ಲಿ ಪರಮ ಪ್ರಸಾದ ತೆಗೆದುಕೊಳ್ಳಬೇಕಾದರೆ ಹಿಂದಿನ ಮಧ್ಯರಾತ್ರಿಯಿಂದ ಒಂದು ತೊಟ್ಟು ನೀರೂ ಇಳಿಯಬಾರದು. ಮೊದಲ ಪ್ರಸಾದದ ದಿನ ಬಿಳಿ ಫ್ರಾಕು, ತಲೆಗೆ ಬಟ್ಟೆಯ ಹೂವಿನ ಕಿರೀಟ, ಕೈಯಲ್ಲಿ ಮೇಣದ ಬತ್ತಿ. ಎಂಟು ವರ್ಷ. ಬೆಳಿಗ್ಗೆ ತಲೆ ಸುತ್ತಿ ಅಡುಗೆಮನೆಯ ಬಾಗಿಲಿಗೆ ಒರಗಿದಳು. ತಾಯಿಯ ತಂಗಿ ಆನಿ ಮಾವ್ಶಿ ಓಡಿ ಬಂದು, ‘ಪಾಪ, ಮಗು ಬಾಡಿಹೋಗಿದೆ,’ ಎಂದು ಗಂಜಿಯ ತಿಳಿಯನ್ನು ತುಟಿಗೆ ಹಿಡಿದೇಬಿಟ್ಟಳು. ಪ್ರೀತಿಯ ಕೈ. ಆ ಕೈಯನ್ನು ದೂಡುವುದು ಹೇಗೆ? ಕುಡಿದಳು. ತಾಯಿಗೆ ಗೊತ್ತಾಯಿತು, ಪಾದ್ರಿಗೆ ಗೊತ್ತಾಯಿತು. ಉಳಿದ ಹುಡುಗಿಯರೆಲ್ಲ ಸಾಲಾಗಿ ಮೊಣಕಾಲೂರಿದಾಗ ಬೆನೆಡಿಕ್ಟಾ ಮಾತ್ರ ಬೆಂಚಿನಲ್ಲಿ ಕುಳಿತಿದ್ದಳು, ಕಿರೀಟ ಹಾಕಿಕೊಂಡೇ. ಎಲ್ಲರೂ ಅವಳ ಕಡೆಗೇ ತಿರುಗಿ ನೋಡಿದರು. ಮುಂದಿನ ಭಾನುವಾರ ಒಬ್ಬಳೇ ತೆಗೆದುಕೊಂಡಳು, ಮುದುಡಿದ ಕಿರೀಟದಲ್ಲಿ, ಯಾರೂ ನೋಡಲಿಲ್ಲ. ಆನಿ ಮಾವ್ಶಿ ಅದನ್ನು ಸಾಯುವವರೆಗೂ ನೆಂಟರ ಮುಂದೆ ಹೇಳಿ ನಗುತ್ತಿದ್ದಳು. ಆವತ್ತು ಸಂಜೆ ತಾಯಿ ಇವಳನ್ನು ಮುಂದೆ ನೂಕಿ, ‘ಮಾವ್ಶಿಗೆ ಬೇಜಾರಾಗಿದೆ, ಏನಿಲ್ಲ ಮಾವ್ಶಿ ಅಂತ ಹೇಳು, ಬೆಸಾಂವ್ ಕೇಳು,’ ಎಂದಿದ್ದಳು. ಕೈಮುಗಿದು ಆಶೀರ್ವಾದ ಕೇಳಿದಳು. ಏನಿಲ್ಲ ಮಾವ್ಶಿ. ಮಳೆ ಜೋರಾಯಿತು, ಬಸ್‌ಸ್ಟ್ಯಾಂಡಿನ ಮಾಡಿನಿಂದ ನೀರು ಇಳಿದು ಅವಳ ಚಪ್ಪಲಿ ತೊಯ್ದಿತು. ತಾನು ಆನಿ ಮಾವ್ಶಿಯೇ ಆಗಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಅಷ್ಟೇ ಅಲ್ಲ, ಭಯವೂ ಆಯಿತು.

ಶಾಲೆಗೆ ವಾಪಸು ಹೋದಳು. ಸಿಸ್ಟರ್ ರೋಸಲಿನ್ ಆಫೀಸಿನಲ್ಲಿ ಕನ್ನಡಕ ಹಣೆಗೇರಿಸಿ ಲೆಕ್ಕ ನೋಡುತ್ತಿದ್ದರು. ವಿಷಯ ಕೇಳಿ ಕನ್ನಡಕವನ್ನು ಇಳಿಸಿದರು. ‘ಅಯ್ಯೋ ಮಿಸ್, ಇದನ್ನು ಎಂತಕ್ಕೆ ಇಷ್ಟು ದೊಡ್ಡದು ಮಾಡ್ತೀರಿ? ಎರಡು ಚಮಚ ಪಾಯಸ. ವಿಷವಾ? ಮಗು ಹೇಳಲಿಲ್ಲ, ನಿಮಗೆ ಗೊತ್ತಾಗಲಿಲ್ಲ.’ ‘ಮಗು ಹೇಳಿತು ಸಿಸ್ಟರ್.’ ‘ಹೇಳಿದ್ದು ಆಟದಲ್ಲಿ. ಈಗ ನೀವು ಅವರ ಮನೆಗೆ ಹೋಗಿ ಹೇಳಿದರೆ, ನಾವೇನೋ ಬೇಕಂತಲೇ ಮಾಡಿದೆವು ಅಂತ ಆಗ್ತದೆ. ಅವರಾಗಿ ಕೇಳಿದರೆ ಸಮಾಧಾನ ಹೇಳುವಾ. ಇಲ್ಲದಿದ್ದರೆ ಬಾಯಿಗೆ ಬೀಗ. ಆ ಮಗು ಹೇಳುವುದಿಲ್ಲ, ನೋಡಿ, ಅದು ಜಾಣೆ.’ ಜಾಣೆ ಹೌದು. ಅದೇ ತಲೆ ಚಿಟ್ಟು ಹಿಡಿಸುತ್ತಿತ್ತು. ಆರು ವರ್ಷದ ಮಗು ಗುಟ್ಟು ಕಟ್ಟಿಕೊಂಡು ಮನೆಗೆ ಹೋಗಿದೆ. ಖಾಲಿ ಕ್ಲಾಸಿನಲ್ಲಿ ಕುಳಿತು ಟಿಫಿನ್ ಡಬ್ಬಿ ತೆರೆದಳು, ಬೆಳಿಗ್ಗೆ ದೋಸೆ ಹೆಚ್ಚಾಗಿತ್ತು ಎಂದು ಸೆಲೀನ್ ತುಂಬಿಸಿ ಕಳಿಸಿದ್ದು. ಗಂಟಲಲ್ಲಿ ಇಳಿಯಲಾರದು ಎಂದುಕೊಂಡಿದ್ದಳು, ಚೆನ್ನಾಗಿಯೇ ಇಳಿಯಿತು. ಚಟ್ನಿಯನ್ನೂ ಬೆರಳಲ್ಲಿ ಬಳಿದು ತಿಂದಳು. ತಿಂದು ಮುಗಿಸಿದ ಮೇಲೆ ತನ್ನ ಹೊಟ್ಟೆಯ ಮೇಲೆಯೇ ಅಸಹ್ಯ ಬಂತು.

ಹೋಗುವುದೋ ಬೇಡವೋ ಎಂದು ಸಂಜೆಯವರೆಗೂ ಅಲ್ಲೇ ಕುಳಿತಳು. ಹೇಳಿದರೆ ಮಗುವಿನ ಗುಟ್ಟು ಬಯಲಾಗುತ್ತದೆ. ಹೇಳದಿದ್ದರೆ ಆ ಗುಟ್ಟು ಮಗುವಿನ ಮೈಯಲ್ಲೇ ಉಳಿಯುತ್ತದೆ. ಎಳೆ ಬೆನ್ನಿಗೆ ಅಷ್ಟು ಭಾರ ಹೊರಿಸಬಾರದು ಎಂದು ಒಂದು ಮನಸ್ಸು. ಇಲ್ಲ, ನಿನಗೆ ನಿನ್ನ ಭಾರ ಇಳಿಸಬೇಕಾಗಿದೆ, ಅಷ್ಟೆ ಎಂದು ಇನ್ನೊಂದು. ಶನಿವಾರ ಶನಿವಾರ ಪಾಪನಿವೇದನೆಗೆ ಸಾಲು ನಿಂತು, ಜಾಲರಿಯ ಆಚೆಯ ಕಿವಿಗೆ ನಾಲ್ಕು ಮಾತು ಉಸುರಿ, ಮೂರು ಪ್ರಾರ್ಥನೆ ಹೇಳಿ, ಹಗುರಾಗಿ ಬಂದ ಅಭ್ಯಾಸ. ಎರಡೂ ನಿಜವೆಂದು ಅನಿಸಿತು. ಕೊನೆಗೆ ಯೋಚನೆ ಮಾಡಿ ಮಾಡಿ ಸುಸ್ತಾಗಿಯೇ ಎದ್ದಳು. ಕುಳಿತಿರುವುದಕ್ಕಿಂತ ನಡೆಯುವುದೇ ಸುಲಭ ಅನಿಸಿತು.

ಪೊಲಿಪಿನ ಮಸೀದಿಯ ಹತ್ತಿರ, ಸಮುದ್ರದ ಕಡೆಗೆ ಇಳಿಯುವ ಓಣಿಯಲ್ಲಿ ಮನೆ. ದಾರಿ ಕೇಳಿದವರೆಲ್ಲ ‘ಎಂತ ಟೀಚರ್, ಮಗು ಶಾಲೆಗೆ ಬರಲಿಲ್ವಾ?’ ಎಂದು ಕೇಳಿದರು. ಮಳೆ ನಿಂತಿತ್ತು. ಅಲೆಯ ಸದ್ದು ಹತ್ತಿರದಲ್ಲೇ ಕೇಳುತ್ತಿತ್ತು. ಬಾಗಿಲಲ್ಲಿ ಅವಳನ್ನು ಕಂಡ ಮಿಸ್ರಿಯಾಳ ತಾಯಿ ಝೊಹರಾ ಒಂದು ಕ್ಷಣ ಗಾಬರಿಯಾಗಿ, ಮರುಕ್ಷಣ ಮುಖ ಅರಳಿಸಿ, ‘ಬನ್ನಿ ಟೀಚರ್, ಬನ್ನಿ! ಮೊದಲ ನೋಂಬು ಅಂತ ಹೇಳಿದಳಾ ನಿಮಗೆ? ಅದಕ್ಕೇ ಬಂದದ್ದಾ? ಎಷ್ಟು ಸಂತೋಷ ಆಯ್ತು ನೋಡಿ,’ ಎಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಒಳಗೆ ಗಂಜಿಯ ಪರಿಮಳ, ಮೆಂತೆ ಬೆರೆತದ್ದು. ಕಾರ್ಕಳದಿಂದ ಮಿಸ್ರಿಯಾಳ ಅತ್ತೆ, ಅಪ್ಪನ ತಂಗಿ, ಬಂದಿದ್ದಳು, ಮಗುವಿನ ಮೊದಲ ನೋಂಬು ನೋಡಲು, ಕೈಗೆ ಬೆಳ್ಳಿಯ ಎರಡು ಬಳೆ ತಂದಿದ್ದಳು. ಚಾಪೆಯ ಮೇಲೆ ಅಜ್ಜಿ ಅವ್ವಮ್ಮ ಕುಳಿತಿದ್ದರು. ಅವರ ತೊಡೆಯ ಮೇಲೆ ತಲೆಯಿಟ್ಟು ಮಿಸ್ರಿಯಾ ಮಲಗಿದ್ದಳು, ಹಬ್ಬಕ್ಕೆಂದು ಹೊಲಿಸಿದ ಹೊಸ ಅಂಗಿಯಲ್ಲಿ. ತುಟಿ ಒಣಗಿ ಬಿಳಿಚಿತ್ತು. ಟೀಚರನ್ನು ನೋಡಿದವಳೇ ದಡಕ್ಕನೆ ಎದ್ದು ಕುಳಿತಳು.

‘ಇವತ್ತು ಶಾಲೆಗೆ ಬೇಡ ಅಂದೆ ಟೀಚರ್,’ ಎಂದು ಝೊಹರಾ ಹೇಳಿದಳು. ‘ಕೇಳಬೇಕಲ್ಲ? ಟೀಚರ್ ನನ್ನನ್ನು ಉಮ್ಮ ಮಾಡಿದ್ದಾರೆ, ನಾನಿಲ್ಲದಿದ್ದರೆ ಆಟ ನಿಲ್ತದೆ ಅಂತ ಹಟ. ಬಂದವಳು ಹಾಗೇ ಮಲಗಿದ್ದಾಳೆ. ಬೆಳಗಿನ ಜಾವದಿಂದ ಒಂದು ತೊಟ್ಟು ನೀರಿಲ್ಲ!’ ‘ನಾನು ಎರಡು ಸಲ ಹೇಳಿದೆ, ಬಿಡು ಮಗಾ, ಸಣ್ಣವಳು, ಸಾಕು ಅಂತ,’ ಎಂದರು ಅವ್ವಮ್ಮ, ಮೊಮ್ಮಗಳ ಕೂದಲು ಸವರುತ್ತಾ. ‘ಬಿಡುವುದಿಲ್ಲ ಅಂತ ತಲೆ ಅಲ್ಲಾಡಿಸಿತು. ಗಟ್ಟಿ ಉಂಟು ಇದು.’ ಅವರ ದನಿಯಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು. ಬೆನೆಡಿಕ್ಟಾ ಕುರ್ಚಿಯ ತುದಿಯಲ್ಲಿ ಕುಳಿತಳು. ಅಂದರೆ ಆ ಎರಡು ಚಮಚದ ಮೇಲೆ ಇಡೀ ದಿನ ಮತ್ತೇನನ್ನೂ ಬಾಯಿಗೆ ಹಾಕದೆ, ಒಡೆದದ್ದನ್ನು ಹಸಿವಿನಿಂದ ಅಂಟಿಸಲು ನೋಡಿದೆ ಈ ಮಗು. ಮಿಸ್ರಿಯಾ ಅವಳನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ. ಆ ನೋಟ ಬೇಡುವಂತಿತ್ತು. ಹೇಳಿ ಎಂದು ಬೇಡುತ್ತಿದೆಯೋ, ಹೇಳಬೇಡಿ ಎಂದೋ? ಮಕ್ಕಳ ಮುಖ ನನಗೆ ಓದಲು ಬರುತ್ತದೆ ಎಂಬ ಅಹಂಕಾರವನ್ನು ಅವಳು ಬೆಳಿಗ್ಗೆಯೇ ಕಳೆದುಕೊಂಡಿದ್ದಳು. ಆದರೂ ಬಾಯಿ ತೆರೆಯಿತು. ‘ನಾನು ಅವಳಿಗೆ ಪಾಯಸ ತಿನ್ನಿಸಿದೆ,’ ಎಂದಳು. ‘ಆಟದಲ್ಲಿ. ನೋಂಬು ಅಂತ ಅವಳು ಹೇಳಿದಳು. ನನಗೆ ಅರ್ಥ ಆಗಲಿಲ್ಲ. ಚಂದ್ರ ಬಂದ, ಮುಗಿಯಿತು, ತಿನ್ನು ಅಂತ ನಾನೇ ಒತ್ತಾಯ ಮಾಡಿದೆ. ಅವಳ ತಪ್ಪು ಏನೂ ಇಲ್ಲ. ನನ್ನನ್ನು ಕ್ಷಮಿಸಬೇಕು.’

ಝೊಹರಾ ಅವ್ವಮ್ಮನ ಮುಖ ನೋಡಿದಳು. ಆಮೇಲೆ ಅವ್ವಮ್ಮ ಬೊಚ್ಚು ಬಾಯಿ ತೆರೆದು ನಕ್ಕುಬಿಟ್ಟರು. ‘ಅಯ್ಯೋ, ಅಷ್ಟೇಯಾ? ನಿಮ್ಮ ಮುಖ ನೋಡಿ ನಾನು ಎಂತಾಯ್ತೋ ಅಂತ ಹೆದರಿದೆ ಮಾರಾಯ್ತಿ! ಇವಳಿಗೆ ನೋಂಬು ಹಿಡಿಯುವ ಪ್ರಾಯವೇ ಆಗಲಿಲ್ಲ. ಮಕ್ಕಳದ್ದು ಎಂತ ಲೆಕ್ಕ? ಅಲ್ಲಾಹನಿಗೆ ಗೊತ್ತುಂಟು.’ ಝೊಹರಾ ಕೂಡ ನಕ್ಕಳು, ಅವಳ ಮುಖದಲ್ಲಿ ಒಂದಿಷ್ಟು ನಿರಾಸೆ ಹಾದು ಹೋದದ್ದನ್ನು ಬಿಟ್ಟರೆ ಆ ನಗು ಒಳ್ಳೆಯದೇ ಆಗಿತ್ತು. ‘ಇದಕ್ಕೋಸ್ಕರ ಇಷ್ಟು ದೂರ ನಡೆದುಕೊಂಡು ಬಂದಿರಾ ಟೀಚರ್?’ ಅತ್ತೆ ಬಳೆಗಳಲ್ಲಿ ಒಂದನ್ನು ಸೆರಗಿನೊಳಗೆ ಅಡಗಿಸಿ, ‘ಹಾಗಾದರೆ ಅರ್ಧ ನೋಂಬು! ಬಳೆಯೂ ಒಂದೇ!’ ಎಂದು ತಮಾಷೆ ಮಾಡಿದಳು. ಎಲ್ಲರೂ ಇನ್ನೊಮ್ಮೆ ನಕ್ಕರು. ಬೆನೆಡಿಕ್ಟಾಳ ಎದೆಯ ಮೇಲಿನ ಕಲ್ಲು ಅಷ್ಟು ಸುಲಭವಾಗಿ ಇಳಿದುಬಿಟ್ಟಿತು. ಬೆಳಗಿನಿಂದ ಹೊತ್ತು ತಿರುಗಿದ್ದು ಇಷ್ಟೇಯಾ? ಅವಳೂ ನಕ್ಕಳು, ಕಣ್ಣು ಒದ್ದೆಯಾಯಿತು, ಇವರೆಲ್ಲ ಎಷ್ಟು ಒಳ್ಳೆಯವರು ಎಂದುಕೊಂಡಳು. ನಗುತ್ತಲೇ ಮಿಸ್ರಿಯಾಳ ಕಡೆ ನೋಡಿದಳು. ಆ ಮನೆಯಲ್ಲಿ ನಗದೆ ಇದ್ದದ್ದು ಅವಳೊಬ್ಬಳೇ. ಅಜ್ಜಿಯ ತೊಡೆಯಿಂದ ದೂರ ಸರಿದು, ಹೊಸ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಂಡುತ್ತಾ ಕುಳಿತಿದ್ದಳು.

ಬಾಂಗ್ ಕೇಳಿಸಿತು. ಅವ್ವಮ್ಮ ತುಟಿ ಆಡಿಸಿ ಏನೋ ಹೇಳಿಕೊಂಡು ಖರ್ಜೂರ ಬಾಯಿಗಿಟ್ಟರು. ಝೊಹರಾ ಒಂದನ್ನು ಟೀಚರ ಕೈಯಲ್ಲಿಟ್ಟು, ಇನ್ನೊಂದನ್ನು ಮಗಳ ತುಟಿಗೆ ಹಿಡಿದಳು. ಮಿಸ್ರಿಯಾ ಬಾಯಿ ಬಿಗಿದಳು. ‘ತಿನ್ನು. ಬಾಂಗ್ ಆಯ್ತಲ್ಲ.’ ಇಲ್ಲ. ‘ಟೀಚರ ಎದುರು ಹಟ ಮಾಡುವುದಾ?’ ಇಲ್ಲ. ಆಮೇಲೆ ಮಗು ತಾಯಿಯನ್ನಲ್ಲ, ಟೀಚರನ್ನು ನೋಡಿ, ಶಾಲೆಯಲ್ಲಿ ಮಾತಾಡುವ ಶುದ್ಧ ಕನ್ನಡದಲ್ಲಿ ಹೇಳಿತು: ‘ನಾನು ಯಾರಿಗೂ ಹೇಳಿರಲಿಲ್ಲ ಟೀಚರ್.’

‘ಯಾಕೆ ಮಗಾ?’

‘ಉಮ್ಮ ನಿಮಗೆ ಬೈತಾರೆ ಅಂತ.’

ಹೆಂಗಸರೆಲ್ಲ ‘ಅಲ್ಲಾ!’ ಎಂದು ಮೂಗಿನ ಮೇಲೆ ಬೆರಳಿಟ್ಟರು, ಅತ್ತೆ ಮುದ್ದು ಮಾಡಲು ಕೈಚಾಚಿದಳು. ಬೆನೆಡಿಕ್ಟಾಳಿಗೆ ಈಗ ತಿಳಿಯಿತು. ಪಂಕಜಾಳ ಸೆರಗು ಹಿಡಿದದ್ದು, ಇಡೀ ಮಧ್ಯಾಹ್ನ ಒಣ ತುಟಿಯಲ್ಲಿ ಸುಳ್ಳು ಹೊತ್ತು ಮಲಗಿದ್ದು, ಎಲ್ಲವೂ ಟೀಚರನ್ನು ಕಾಯಲು. ಮಗು ತನ್ನ ನೋಂಬನ್ನು ಕಳೆದುಕೊಂಡು ಟೀಚರ ಮಾನವನ್ನಾದರೂ ಉಳಿಸಿಕೊಂಡಿತ್ತು. ಟೀಚರ್ ತನ್ನ ಎದೆ ಹಗುರ ಮಾಡಿಕೊಳ್ಳಲು ಬಂದು ಅದನ್ನೂ ಚೆಲ್ಲಿ, ಜೊತೆಗೆ ನಕ್ಕೂ ಬಿಟ್ಟಳು. ಝೊಹರಾ ಮಗಳ ಭುಜ ತಟ್ಟಿದಳು. ‘ಆಯ್ತು ಬಿಡು. ಯಾರೂ ಬೈಯಲಿಲ್ಲ ಅಲ್ವಾ? ಟೀಚರಿಗೆ ಬೇಜಾರಾಗಿದೆ ನೋಡು. ಪರವಾಗಿಲ್ಲ ಟೀಚರ್ ಅಂತ ಹೇಳು. ಹೇಳು.’

ಮಿಸ್ರಿಯಾ ಎದ್ದು ನಿಂತಳು. ಕೈ ಹಿಂದೆ ಕಟ್ಟಿಕೊಂಡಳು. ಬಾಯಿ ತೆರೆದಳು. ‘ಪರವಾಗಿಲ್ಲ ಟೀಚರ್.’

ಹೇಳುವಾಗ ಕಣ್ಣು ಮುಚ್ಚಿತ್ತು. ಹೇಳು ಎಂದರು, ಹೇಳಿತು. ನುಂಗು ಎಂದಾಗಲೂ ನುಂಗಿತ್ತು. ಬೆನೆಡಿಕ್ಟಾ ಕುರ್ಚಿಯಿಂದ ಇಳಿದು, ಮೊಣಕಾಲು ನೋಯುತ್ತಿದ್ದರೂ, ಚಾಪೆಯ ಮೇಲೆ ಮಗುವಿನ ಎದುರಿಗೆ ಕುಳಿತಳು. ‘ಬೇಡ ಮಗಾ. ಅದನ್ನು ಹೇಳಬೇಡ. ನಿನಗೆ ನನ್ನ ಮೇಲೆ ಸಿಟ್ಟು ಬಂದಿದೆ. ಅಲ್ವಾ?’ ಮಿಸ್ರಿಯಾ ಕಣ್ಣು ತೆರೆದು ತಾಯಿಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ‘ಅವರನ್ನು ನೋಡಬೇಡ. ನನಗೆ ಹೇಳು. ಬಂದಿದ್ದರೆ ಬಂದಿದೆ ಅಂತ ಹೇಳು.’

‘ಬಂದಿದೆ,’ ಎಂದಳು, ಕೇಳಿಸದಷ್ಟು ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, ‘ತುಂಬಾ ಬಂದಿದೆ! ನಾನು ನೋಂಬು ಅಂತ ಹೇಳಿದ್ದೆ! ನೀವು ಕೇಳಲೇ ಇಲ್ಲ!’

‘ಛೆ, ಮಿಸ್ರಿಯಾ! ಟೀಚರಿಗೆ ಹಾಗೆ ಹೇಳುವುದಾ?’ ಎಂದು ಝೊಹರಾ ಮುಂದೆ ಬಂದಳು. ಬೆನೆಡಿಕ್ಟಾ ಕೈಯೆತ್ತಿ ಅವಳನ್ನು ತಡೆದಳು. ಮಗು ಈಗ ಬಾಯಿಬಿಟ್ಟು ಅಳುತ್ತಿತ್ತು, ಮೂಗು ಬಾಯಿ ಒಂದಾಗಿ. ಅಳುತ್ತಲೇ ಬೈಯತೊಡಗಿತು, ಕನ್ನಡ ಸಾಲದೆ ಮನೆಮಾತು ಬ್ಯಾರಿಗೆ ಇಳಿಯಿತು, ಒಂದರ ಮೇಲೊಂದು ಮಾತು, ಪುಟ್ಟ ಮುಷ್ಟಿಯಿಂದ ಚಾಪೆಗೆ ಗುದ್ದುತ್ತಾ. ಬೆನೆಡಿಕ್ಟಾಳಿಗೆ ಒಂದು ಶಬ್ದವೂ ಅರ್ಥವಾಗಲಿಲ್ಲ. ಅರ್ಥ ಹೇಳಲು ಬಂದ ಅತ್ತೆಗೂ ಬೇಡವೆಂದು ತಲೆಯಾಡಿಸಿದಳು. ಕೈಯಲ್ಲಿದ್ದ ಖರ್ಜೂರವನ್ನು ನೆಲದ ಮೇಲಿಟ್ಟು, ಪ್ರತಿಯೊಂದು ಮಾತಿಗೂ ‘ಹೌದು ಮಗಾ, ಹೌದು,’ ಎನ್ನುತ್ತಾ, ಅದು ಬೈದು ಮುಗಿ‍ಸುವವರೆಗೆ ಕುಳಿತಳು.